ಪೈಪಿನಲ್ಲಿ ಅಳೆದ ಓಟ

ಚಳಿಗಾಲ ಇನ್ನೇನು ಕಾಲು ಕೀಳುವುದರಲ್ಲಿತ್ತು. ಬೆಳಗಿನ ಪಾಳಿಯವರು ಬಂಡಿ ತೊಳೆಯುವ ಹೊತ್ತು. ಅಗ್ನಿಶಾಮಕ ಠಾಣೆಯ ಅಂಗಳದಲ್ಲಿ ನೀರು ಹರಿದು, ಸೋಪಿನ ನೊರೆ ಚರಂಡಿಯ ಬಾಯಲ್ಲಿ ಗುಳ್ಳೆಗಟ್ಟುತ್ತಿತ್ತು. ಆಗ ಏಣಿಯಕ್ಕ ಗೇಟು ದಾಟಿ ಒಳಗೆ ಬಂದಳು. ಅವಳು ಆ ಗೇಟು ದಾಟಿ ಹೆಚ್ಚುಕಡಿಮೆ ಒಂದು ವರ್ಷವಾಗಿತ್ತು.

ಅವಳಿಗೆ ಹೆತ್ತವರಿಟ್ಟ ಹೆಸರು ಬೇರೆ ಇತ್ತು. ಆದರೆ ಠಾಣೆಗೆ ಸೇರಿದ ಮೊದಲ ವಾರವೇ ಎತ್ತರದ ಏಣಿಯ ತುದಿಗೆ ಹತ್ತಿ, ಅಲ್ಲಿ ನಿಂತು ಜಡೆ ಬಿಗಿದುಕೊಂಡವಳನ್ನು ನೋಡಿ ಯಾರೋ ಏಣಿಯಕ್ಕ ಅಂದರು. ಅದೇ ನಿಂತಿತು. ಅಂದಿನಿಂದ ಏಣಿಯ ತುದಿ ಅವಳ ಜಾಗ. ಕಳೆದ ವರ್ಷ ಕಾಗದದ ಗೋದಾಮಿಗೆ ಬೆಂಕಿ ಬಿದ್ದಾಗ ಮೊಣಕಾಲು ಮುರಿದುಕೊಂಡಳು. ಮೇಲಿನಿಂದ ಬಿದ್ದಿದ್ದರೆ ಹೇಳಿಕೊಳ್ಳುವುದಕ್ಕಾದರೂ ಒಂದು ಘನತೆ ಇರುತ್ತಿತ್ತು. ಬಿದ್ದದ್ದು ಬೆಂಕಿ ಆರಿದ ಮೇಲೆ, ಇಳಿಯುವಾಗ, ಕಟ್ಟಕಡೆಯ ಮೆಟ್ಟಿಲಿನಿಂದ.

ಠಾಣೆಯ ಸಾಹೇಬರು ಅವಳನ್ನು ಕೂರಿಸಿ ಚಹಾ ತರಿಸಿದರು. ಒಳ್ಳೆಯ ಮನುಷ್ಯ. ಕೆಟ್ಟ ಸುದ್ದಿ ಹೇಳುವ ಮುಂಚೆ ಚಹಾ ತರಿಸುವುದು ಅವರ ವಾಡಿಕೆ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಲೋಟ ಮುಟ್ಟಲಿಲ್ಲ.

"ನೋಡಮ್ಮ, ಡಾಕ್ಟರು ಮೂಳೆ ಕೂಡಿದೆ ಅಂತ ಬರೆದುಕೊಟ್ಟಿದ್ದಾರೆ, ಸರಿ. ಆದ್ರೆ ಪೆಟ್ಟು ತಿಂದು ರಜೆ ಹೋದವರು ಬಂಡಿ ಹತ್ತಬೇಕಾದ್ರೆ ಹೊಸಬರ ಪರೀಕ್ಷೆ ಮತ್ತೆ ಕೊಡ್ಬೇಕು. ಮೇಲಿನ ಕಚೇರಿಯಿಂದ ಬಂದು ನೋಡ್ತಾರೆ. ಇನ್ನೆರಡು ತಿಂಗಳಿದೆ."

"ಏನೇನು ನೋಡ್ತಾರೆ ಸಾರ್?"

"ಏನು ನೋಡಲ್ಲ ಅಂತ ಕೇಳು. ತೂಕ, ಸೊಂಟದ ಸುತ್ತಳತೆ, ಕೈ ಹಿಡಿತ, ಬೆನ್ನು ಎಷ್ಟು ಬಗ್ಗುತ್ತೆ, ಒಂಟಿ ಕಾಲಲ್ಲಿ ಎಷ್ಟು ಹೊತ್ತು ನಿಲ್ತೀಯ, ಕಣ್ಣು ಕಂಡಿದ್ದಕ್ಕೆ ಕೈ ಎಷ್ಟು ಬೇಗ ಓಡುತ್ತೆ. ಕುದುರೆ ಕೊಳ್ಳೋರೂ ಇಷ್ಟು ನೋಡಲ್ಲ. ಕೊನೇಲಿ ಓಟ. ಒಂದರಲ್ಲಿ ಹೋದ್ರೂ ಹೋದ ಹಾಗೇ."

"ಹೋದ್ರೆ?"

ಸಾಹೇಬರು ಫೋನಿನ ಕೋಣೆಯ ಕಡೆ ನೋಡಿದರು.

ಫೋನಿನ ಕೋಣೆಯ ಕೆಲಸ ಕೀಳೇನಲ್ಲ. ಯಾರದೋ ಮನೆ ಹೊತ್ತಿ ಉರಿಯುವಾಗ ಗಾಬರಿಯಿಲ್ಲದೆ ವಿಳಾಸ ಕೇಳಿ ತಿಳಿಯುವುದಕ್ಕೂ ಗಟ್ಟಿ ಗುಂಡಿಗೆ ಬೇಕು. ಆದರೆ ಗಂಟೆ ಬಾರಿಸಿ, ಉಳಿದವರೆಲ್ಲ ಬಂಡಿ ಹತ್ತಿ ಹೋಗುವುದನ್ನು ಕಿಟಕಿಯಿಂದ ನೋಡುತ್ತಾ ಕೂರುವುದು ತನ್ನಿಂದ ಆಗದ ಮಾತು ಎಂದು ಏಣಿಯಕ್ಕನಿಗೆ ಗೊತ್ತಿತ್ತು. ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಎದ್ದಳು.

ಮನೆಯಲ್ಲಿ ಸುದ್ದಿ ಕೇಳಿ ಗಂಡ ಹೊಲಿಗೆ ಯಂತ್ರದಿಂದ ತಲೆಯೆತ್ತಿದ. ಅವನು ದರ್ಜಿ. ಮುಂದಿನ ಕೋಣೆಯೇ ಅಂಗಡಿ. ಕೊರಳಿನಲ್ಲಿ ಅಳತೆ ಟೇಪು ಇಲ್ಲದ ಅವನನ್ನು ಅವನ ತಾಯಿಯೂ ಕಂಡಿರಲಿಲ್ಲ.

"ಬಾ ಇಲ್ಲಿ, ಸೊಂಟದ್ದು ಈಗಲೇ ನೋಡಿಬಿಡೋಣ" ಎಂದ. ಅವಳು ಉಸಿರು ಹಿಡಿದು ಹೊಟ್ಟೆ ಒಳಗೆಳೆದುಕೊಂಡಳು. ಅವನು ಟೇಪು ಸಡಿಲ ಬಿಟ್ಟು ಸುಮ್ಮನೆ ನಿಂತ.

"ಯಾಕ್ರೀ, ಅಳೀರಿ."

"ನೀನು ಉಸಿರು ಬಿಡೋವರೆಗೂ ಕಾಯ್ತೀನಿ. ಬಟ್ಟೆ ಆಗ್ಲಿ ಮೈ ಆಗ್ಲಿ, ಎಳೆದು ಹಿಡಿದು ಅಳೆದ್ರೆ ಅದು ಅಳತೆ ಅಲ್ಲ. ಆಮೇಲೆ ಗಿರಾಕಿ ಬೈಯೋದು ನನ್ನನ್ನೇ."

ಅವಳು ಉಸಿರು ಬಿಟ್ಟಳು. ಬಂದ ಅಳತೆಯನ್ನು ಅವನು ಗಿರಾಕಿಗಳ ಪುಸ್ತಕದಲ್ಲಿ ಬರೆದುಕೊಂಡ. ಅಡುಗೆಮನೆಯಿಂದ ಅತ್ತೆ ಹೇಳಿದರು, "ಒಂದು ವರ್ಷ ಕೂತು ತಿಂದಿದ್ದು ಎಲ್ಲಿಗೆ ಹೋಗುತ್ತೆ. ಇಳಿಸ್ತೀನಿ ಬಿಡು. ನನ್ನ ಕೈಗೆ ಕೊಡು ಇವಳನ್ನ."

ಆ ದಿನದಿಂದ ಮನೆಯೇ ಗರಡಿಯಾಯಿತು. ಬೆಳಿಗ್ಗೆ ಹಾಲು ಕಾಯಿಸುವುದು ಸೊಸೆಯ ಪಾಲಿಗೆ ಬಂತು. ಹಾಲು ಉಕ್ಕಿ ಬರುವವರೆಗೂ ಮುರಿದ ಕಾಲೊಂದರ ಮೇಲೇ ನಿಲ್ಲಬೇಕು, ಕಣ್ಣು ಮುಚ್ಚಿಕೊಂಡು. ಕಾಲು ಥರಥರ ನಡುಗಿ, ಅಡುಗೆಮನೆಯ ಗೋಡೆಯೇ ವಾಲಿದ ಹಾಗೆ ಆಗುತ್ತಿತ್ತು. ಹಾಲು ಇಷ್ಟು ಹೊತ್ತಾದರೂ ಉಕ್ಕುವುದಿಲ್ಲವೇಕೆ ಎಂದು ಒಂದು ದಿನ ಕಳ್ಳಗಣ್ಣು ಬಿಟ್ಟು ನೋಡಿದರೆ, ಅತ್ತೆ ಮೆಲ್ಲಗೆ ಬಂದು ಉರಿ ಸಣ್ಣ ಮಾಡುತ್ತಿದ್ದರು.

"ಅತ್ತೆ, ಇದು ಮೋಸ."

"ಏಣಿ ಮೇಲೆ ನಿಂತಾಗ ಬೆಂಕಿ ನಿನ್ನ ಕೇಳಿ ಉರಿ ಜಾಸ್ತಿ ಕಡಿಮೆ ಮಾಡುತ್ತಾ? ಮುಚ್ಚು ಕಣ್ಣು."

ಮಧ್ಯಾಹ್ನ ಅಡಿಕೋಲಿನ ಆಟ. ಅತ್ತೆ ಕೋಲಿನ ತಲೆ ಹಿಡಿಯಬೇಕು, ಸೊಸೆ ಕೆಳಗೆ ಎರಡು ಬೆರಳು ತೆರೆದು ಕಾಯಬೇಕು. ಅವರು ಹೇಳದೆ ಕೇಳದೆ ಕೈ ಬಿಟ್ಟಾಗ ಇವಳು ಹಿಡಿಯಬೇಕು. ಕೋಲು ಎಷ್ಟು ಕಡಿಮೆ ಜಾರಿತೋ ಕೈ ಅಷ್ಟು ಚುರುಕು. ಅತ್ತೆ ಸುಮ್ಮನೆ ಬಿಡುವವರಲ್ಲ. "ಪಕ್ಕದ ಮನೆಯವಳು ನಿನ್ನ ಬಗ್ಗೆ ಏನಂದ್ಲು ಗೊತ್ತಾ" ಎಂದು ಶುರುಮಾಡಿ, ಸೊಸೆಯ ಕಿವಿ ನಿಮಿರಿದ ಗಳಿಗೆಗೇ ಬಿಟ್ಟುಬಿಡುವರು. ಕೋಲು ಠಪ್ಪೆಂದು ನೆಲಕ್ಕೆ. ಪಕ್ಕದ ಮನೆಯವಳು ಏನೂ ಅಂದಿರುತ್ತಿರಲಿಲ್ಲ. ಕೆಲವು ವಾರಗಳಲ್ಲಿ ಊರೇ ಏನಂದರೂ ಏಣಿಯಕ್ಕನ ಬೆರಳು ತಪ್ಪದಂತಾಯಿತು. ಒದ್ದೆ ಬಟ್ಟೆ ಹಿಂಡಿ ಹಿಂಡಿ ಕೈಗೆ ಹಿಡಿತ ಬಂತು. ಸೊಂಟ ಗಂಡನ ಟೇಪಿಗೆ ಒಪ್ಪಿಗೆಯಾಯಿತು. ಕಾಲು ಚಾಚಿ ಕೂತು ಬಗ್ಗಿದರೆ ಬೆರಳು ಪಾದ ದಾಟಿ ಹೋಗುತ್ತಿತ್ತು.

ಉಳಿದದ್ದು ಓಟ. ಅದೊಂದು ಮನೆಯಲ್ಲಿ ಆಗುವುದಲ್ಲ.

ಓಟದ ಲೆಕ್ಕ ಸುಲಭ, ಓಡುವುದು ಕಷ್ಟ. ಎರಡು ಗೆರೆ, ನಡುವೆ ಇಪ್ಪತ್ತು ಮೀಟರು. ಸದ್ದು ಮಾಡುವ ಪುಟ್ಟ ಪೆಟ್ಟಿಗೆಯೊಂದು ಪೀಂ ಅನ್ನುತ್ತದೆ. ಅದು ಮತ್ತೆ ಪೀಂ ಅನ್ನುವುದರೊಳಗೆ ಆಚೆ ಗೆರೆ ಮುಟ್ಟಬೇಕು, ಇನ್ನೊಂದು ಪೀಂಗೆ ವಾಪಸ್ಸು. ಹಂತ ಏರಿದ ಹಾಗೆಲ್ಲ ಸದ್ದುಗಳು ಹತ್ತಿರ ಹತ್ತಿರ ಬರುತ್ತವೆ. ಎರಡು ಸಲ ಬೆನ್ನುಬೆನ್ನಿಗೆ ತಪ್ಪಿದರೆ ಅಲ್ಲಿಗೆ ಮುಗಿಯಿತು. ಗುಂಡಿಗೆಗೂ ಶ್ವಾಸಕ್ಕೂ ಎಷ್ಟು ತಾಳಿಕೆ ಇದೆ ಎಂದು ನೋಡುವ ಉಪಾಯ ಅದು. ಏಳನೆಯ ಹಂತ ಪೂರ್ತಿ ಮುಗಿಸಿದವರು ಪಾಸು.

ಅಂಗಳದಲ್ಲಿ ಗೆರೆ ಹಾಕಿಕೊಡಲು ಪೈಪಜ್ಜ ಮುಂದೆ ಬಂದ. ಠಾಣೆಯ ಪೈಪುಗಳನ್ನೆಲ್ಲ ತೊಳೆದು, ಒಣಗಿಸಿ, ತೇಪೆ ಹಾಕಿ, ಸುತ್ತಿಡುವ ಹಿರಿಯ. ಅವನ ಕೈ ದಾಟದೆ ಒಂದು ಪೈಪೂ ಬಂಡಿ ಏರುತ್ತಿರಲಿಲ್ಲ.

"ಟೇಪು ತರ್ಲಾ ಅಜ್ಜ? ನಮ್ಮನೇಲಿ ರಾಶಿ ಇದೆ" ಎಂದಳು ಏಣಿಯಕ್ಕ.

"ದರ್ಜಿ ಟೇಪಲ್ಲಿ ಅಳೆಯೋಕೆ ಇದೇನು ರವಿಕೆನಾ? ಒಂದು ಪೈಪು ಅಂದ್ರೆ ಇಪ್ಪತ್ತು ಮೀಟರು. ಮಾಡಿದವನೇ ಅಳೆದು ಕಳಿಸಿರ್ತಾನೆ."

ಪೈಪು ಬಿಚ್ಚಿ ಹಾಸಿದ. ಅದು ಅಲ್ಲಿ ಇಲ್ಲಿ ಸೊಟ್ಟಗೆ ಮಲಗಿತು. ಅಜ್ಜನಿಗೆ ಹಿಡಿಸಲಿಲ್ಲ. "ಖಾಲಿ ಪೈಪು ಕುಡಿದವನ ಹಾಗೆ ಕಣಮ್ಮ, ನೆಟ್ಟಗಿರು ಅಂದ್ರೆ ಇರಲ್ಲ" ಎಂದು ಒಂದು ತುದಿಯನ್ನು ಬಂಡಿಯ ಪಂಪಿಗೆ ಸಿಕ್ಕಿಸಿದ, ಇನ್ನೊಂದು ತುದಿಯ ಬಾಯಿ ಮುಚ್ಚಿದ, ಬಂಡಿ ಓಡಿಸುವವನಿಗೆ ನೀರು ಬಿಡು ಎಂದ. ಪೈಪು ತುಂಬಿ, ಬಿರುಸಾಗಿ, ಅಂಗಳದ ಉದ್ದಕ್ಕೂ ದೊಣ್ಣೆಯ ಹಾಗೆ ನಿಗುರಿಕೊಂಡಿತು. ಅಜ್ಜ ನೆಲಕ್ಕೆ ಕೆನ್ನೆ ಹಚ್ಚಿ ಒಂದು ಕಣ್ಣಲ್ಲಿ ನೋಡಿ ತಲೆದೂಗಿದ. ಎರಡು ತುದಿಗೂ ಬಿಳಿ ಬಣ್ಣದಲ್ಲಿ ಗೆರೆ ಎಳೆದ. ಅಷ್ಟು ಚೆಂದದ ಗೆರೆ ಆ ಅಂಗಳ ಅಲ್ಲಿಯವರೆಗೆ ಕಂಡಿರಲಿಲ್ಲ.

ಏಣಿಯಕ್ಕ ಓಡಿದಳು. ಮೊದಲ ವಾರ ನಾಲ್ಕನೆಯ ಹಂತಕ್ಕೆ ಬಾಯಿ ಒಣಗಿ ಕೂತಳು. ಆಮೇಲೆ ಐದಕ್ಕೆ ಏರಿದಳು. ತಿಂಗಳು ಕಳೆದ ಮೇಲೆ ಆರು. ಅಲ್ಲಿಗೆ ನಿಂತುಹೋಯಿತು. ಆರನೆಯದರ ನಡುವೆ ಪ್ರತಿಸಲವೂ ಗೆರೆ ಇನ್ನೊಂದು ಹೆಜ್ಜೆ ಇದೆ ಅನ್ನುವಾಗ ಪೆಟ್ಟಿಗೆ ಪೀಂ ಅಂದುಬಿಡುತ್ತಿತ್ತು. ನಿಧಾನ ಶುರುಮಾಡಿ ನೋಡಿದಳು, ತಿರುಗುವಾಗ ಕಾಲು ಬದಲಿಸಿ ನೋಡಿದಳು, ಹೊಟ್ಟೆ ಖಾಲಿ ಬಿಟ್ಟು ನೋಡಿದಳು. ಅದೇ ಒಂದು ಹೆಜ್ಜೆ. ಅಜ್ಜ ಗೆರೆಯ ಪಕ್ಕ ಕೂತು "ಇನ್ನೊಂದೇ ಒಂದು ಹೆಜ್ಜೆ ತಾಯಿ" ಅನ್ನುತ್ತಿದ್ದ. ಆ ಹೆಜ್ಜೆ ಹುಟ್ಟಲೇ ಇಲ್ಲ.

ಪರೀಕ್ಷೆಗೆ ವಾರವಿರುವಾಗ, ನೀರು ಕುಡಿಯಲು ಫೋನಿನ ಕೋಣೆಗೆ ಹೋದಳು. ಅಲ್ಲಿಯ ಕುರ್ಚಿಗೆ ಹೊಸ ಮೆತ್ತೆ ಬಂದಿತ್ತು. ನೀಲಿ ಬಣ್ಣದ್ದು, ಮೆತ್ತಗೆ, ಮೊಣಕಾಲಿಗೆ ಆಸರೆಯಾಗುವ ಹಾಗೆ ಮುಂದೆ ಸ್ವಲ್ಪ ಉಬ್ಬು. ಸಾಹೇಬರು ತಮ್ಮ ಕೈಯಿಂದಲೇ ತಂದಿಟ್ಟದ್ದು. ಕೆಟ್ಟ ಮನಸ್ಸಿನಿಂದ ಅಲ್ಲ, ಒಳ್ಳೆಯ ಮನಸ್ಸಿನಿಂದಲೇ. ಅದಕ್ಕೇ ಅದು ಅವಳನ್ನು ಅಷ್ಟು ಚುಚ್ಚಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಮೆತ್ತೆಗೆ ಏನೆಂದು ಬೈಯುವುದು? ಠಾಣೆಯಲ್ಲಿ ಎಲ್ಲರೂ ತನ್ನನ್ನು ಆಗಲೇ ಆ ಕುರ್ಚಿಯಲ್ಲಿ ಕೂರಿಸಿ ಆಗಿದೆ ಎಂದು ಅವಳಿಗೆ ಅರ್ಥವಾಯಿತು.

ಅಂದು ಸಂಜೆ ಗಂಡನಿಗೆ ಹೇಳಿದಳು, "ಪಾಪ ಅಂತ ನೋಡ್ತಾರೆ ರೀ. ಅದೊಂದು ಆಗಲ್ಲ ನಂಗೆ."

ಅವನು ಅವಳ ಸಮವಸ್ತ್ರದ ಪ್ಯಾಂಟಿನ ಸೊಂಟ ಬಿಚ್ಚಿ ಒಳಕ್ಕೆ ಹಿಡಿದು ಹೊಲಿಯುತ್ತಿದ್ದ. ತಲೆಯೆತ್ತದೆ ಹೇಳಿದ, "ಇದನ್ನ ಬಂಡಿ ಹತ್ತೋಕೆ ಅಂತ ಹೊಲೀತಿದ್ದೀನಿ. ಕುರ್ಚಿಗಾದ್ರೆ ಸಡಿಲ ಬಿಡ್ತಿದ್ದೆ."

ಪರೀಕ್ಷೆಯ ಬೆಳಿಗ್ಗೆ ದೊಡ್ಡ ಬಂಡಿಯ ಎಣ್ಣೆ ಸೋರಿ ಅಂಗಳವೆಲ್ಲ ಜಾರುಬಂಡೆಯಾಗಿತ್ತು. ಮೇಲಿನ ಕಚೇರಿಯಿಂದ ಬಂದ ಪರೀಕ್ಷಕಿ ಅದನ್ನು ಶೂ ತುದಿಯಿಂದ ಮುಟ್ಟಿ ನೋಡಿ, "ಇಲ್ಲಿ ಬೇಡ. ಬಂಡಿಗಳನ್ನ ರಸ್ತೆಗೆ ತೆಗೀರಿ. ಶೆಡ್ಡಲ್ಲೇ ಓಡ್ತಾರೆ" ಎಂದಳು. ಗಿಡ್ಡ ಹೆಂಗಸು, ಕೊರಳಲ್ಲಿ ಸೀಟಿ, ನಗು ಅನ್ನುವುದನ್ನು ಮನೆಯಲ್ಲೇ ಬಿಟ್ಟು ಬಂದವಳ ಹಾಗೆ ಮುಖ. ತನ್ನದೇ ಉಕ್ಕಿನ ಟೇಪು ತಂದಿದ್ದಳು. ಶೆಡ್ಡಿನ ನೆಲದ ಮೇಲೆ ತಾನೇ ಮಂಡಿಯೂರಿ ಅಳೆದು ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದಳು.

ಏಣಿಯಕ್ಕನ ಜೊತೆ ಹೊಸದಾಗಿ ಸೇರಿದ ಇಬ್ಬರು ಗಂಡಸರೂ ಇದ್ದರು. ಕಟ್ಟುಮಸ್ತಾದವರು, ಅವಳ ಅರ್ಧ ವಯಸ್ಸು. ತೂಕ, ಸೊಂಟ ಆಯಿತು. ಹಿಡಿತದ ಯಂತ್ರವನ್ನು ಅವಳು ಹಿಂಡಿದಾಗ ಮುಳ್ಳು ಓಡಿದ ಓಟಕ್ಕೆ ಪರೀಕ್ಷಕಿ ಹುಬ್ಬೇರಿಸಿದಳು. ಮರದ ಪೆಟ್ಟಿಗೆಗೆ ಪಾದ ಒತ್ತಿ ಕೂತು ಬಗ್ಗಿ ಬೆರಳು ಮುಂದೆ ಚಾಚುವುದರಲ್ಲಿ ಆ ಇಬ್ಬರಲ್ಲಿ ಒಬ್ಬನ ಬೆರಳು ಪಾದಕ್ಕೂ ಬರಲಿಲ್ಲ, ಹಾಗೂ ಹೀಗೂ ಮುಲುಗಿ ಮುಲುಗಿ ಮೂರನೇ ಸಲಕ್ಕೆ ಗೆದ್ದ.

"ಮೈ ಅನ್ನೋದು ಒಂದೇ ಅಂದ್ಕೊಂಡಿರ್ತೀರಿ" ಎಂದಳು ಪರೀಕ್ಷಕಿ ಅವನಿಗೆ. "ಒಂದೇ ಮನೆಯ ಅಣ್ಣತಮ್ಮಂದಿರ ಹಾಗೆ ಅದು. ಒಬ್ಬ ದುಡೀತಾನೆ, ಒಬ್ಬ ಮಲಗಿರ್ತಾನೆ. ಎಲ್ಲರನ್ನೂ ಬೇರೆಬೇರೆ ಕರೆದು ಕೇಳಿದ್ರೆನೇ ಗೊತ್ತಾಗೋದು."

ಒಂಟಿ ಕಾಲಿನ ಸರದಿಯಲ್ಲಿ ಏಣಿಯಕ್ಕ ಕೇಳದೆಯೇ ಮುರಿದ ಕಾಲು ಊರಿದಳು. ಕಣ್ಣು ಮುಚ್ಚಿದಳು. ಹಾಲಿನ ವಾಸನೆ ಬಂದ ಹಾಗಾಯಿತು. ಸಾಕು ಸಾಕು ಎಂದು ಪರೀಕ್ಷಕಿ ಎರಡು ಸಲ ಹೇಳಬೇಕಾಯಿತು. ಅಡಿಕೋಲು ಬಿಟ್ಟಾಗ ಏಣಿಯಕ್ಕನ ಬೆರಳು ಅದನ್ನು ಬಿಡುವ ಮುಂಚೆಯೇ ಹಿಡಿದ ಹಾಗೆ ಕಂಡಿತು. ನೆಲಕ್ಕೆ ಕೈಯೂರಿ ಮೈ ಎತ್ತಿ ಇಳಿಸುವುದು, ಗೂಟಗಳ ನಡುವೆ ಅಂಕುಡೊಂಕಾಗಿ ಓಡುವುದು, ಎಲ್ಲ ಮುಗಿಯಿತು. ಇನ್ನು ಓಟವೊಂದೇ.

ಠಾಣೆಯವರೆಲ್ಲ ಶೆಡ್ಡಿನ ಬಾಗಿಲಲ್ಲಿ ಸೇರಿದರು. ಹೊಲಿದ ಪ್ಯಾಂಟು ಹಿಡಿದುಕೊಂಡು ದರ್ಜಿಯೂ ಬಂದಿದ್ದ. ಪೈಪಜ್ಜ ಗೋಡೆಗೊರಗಿ, ಎರಡೂ ಕೈ ಹೊಸೆಯುತ್ತಾ, ನೆಲ ನೋಡುತ್ತಾ ನಿಂತಿದ್ದ.

ಪೀಂ.

ಮೊದಲ ಹಂತಗಳು ಯಾರಿಗೂ ಲೆಕ್ಕವಲ್ಲ. ನಾಲ್ಕು ದಾಟಿತು, ಐದು ದಾಟಿತು. ಏಣಿಯಕ್ಕನಿಗೆ ಏನೋ ಸರಿಯಿಲ್ಲ ಅನ್ನಿಸತೊಡಗಿತು. ಅವಳು ಗೆರೆ ಮುಟ್ಟುತ್ತಿದ್ದಳು, ಪೆಟ್ಟಿಗೆ ಸುಮ್ಮನಿರುತ್ತಿತ್ತು. ಮುಟ್ಟಿ, ತಿರುಗಿ, ಕಾಯಬೇಕಾಗುತ್ತಿತ್ತು. ಆಮೇಲೆ ಪೀಂ. ಆರನೆಯದು ಬಂತು. ಇಲ್ಲಿ ಒಂದು ಹೆಜ್ಜೆ ಉಳಿಯಬೇಕು. ಉಳಿಯಲಿಲ್ಲ. ಬದಲಿಗೆ ಉಸಿರಾಡಲು ಒಂದು ಗಳಿಗೆ ಮಿಗುತ್ತಿತ್ತು.

"ಮೇಡಂ, ನಿಮ್ಮ ಪೆಟ್ಟಿಗೆ ನಿಧಾನ ಆಗಿದೆ" ಎಂದು ಓಡುತ್ತಲೇ ಕೂಗಿದಳು.

"ಮಾತಾಡಿದ್ರೆ ಉಸಿರು ಹೋಗುತ್ತೆ. ಓಡಮ್ಮ."

ಅವಳು ಬಾಗಿಲ ಕಡೆ ನೋಡಿದಳು. ಸಾಹೇಬರು ನಗುಮುಖ ಮಾಡಿದರು. ಅಜ್ಜ ಕಣ್ಣು ತಪ್ಪಿಸಿದ. ಅಷ್ಟೇ ಸಾಕಾಯಿತು ಅವಳಿಗೆ. ಇವರೆಲ್ಲ ಸೇರಿ ಮೇಡಂಗೆ ಏನೋ ಹೇಳಿದ್ದಾರೆ, ಪಾಪ ಅಂದಿದ್ದಾರೆ, ಸದ್ದುಗಳನ್ನು ಸಡಿಲ ಮಾಡಿಸಿದ್ದಾರೆ. ಆ ನೀಲಿ ಮೆತ್ತೆಯೇ ಈಗ ಪೆಟ್ಟಿಗೆಯೊಳಗೆ ಕೂತು ಪೀಂ ಅನ್ನುತ್ತಿದೆ ಅನ್ನಿಸಿತು. ಸಿಟ್ಟು ನೆತ್ತಿಗೇರಿತು. ಸಿಟ್ಟಿಗೆ ಕಾಲು ಬಂತು.

ಏಳನೆಯ ಹಂತ ಮುಗಿಯಿತು. "ಪಾಸು, ಬೇಕಾದ್ರೆ ನಿಲ್ಲಿ" ಎಂದಳು ಪರೀಕ್ಷಕಿ. ಹೊಸಬರಲ್ಲಿ ಒಬ್ಬ ಅಲ್ಲೇ ಕುಸಿದು ಕೂತ. ಏಣಿಯಕ್ಕ ನಿಲ್ಲಲಿಲ್ಲ. ನೀವು ಎಷ್ಟು ಸಡಿಲ ಮಾಡಿದ್ದೀರೋ ಅದರ ಮೇಲೆ ಇಷ್ಟು ನನ್ನದು, ತಗೊಳ್ಳಿ, ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಓಡಿದಳು. ಮೊಣಕಾಲು ಕಾದ ಕಬ್ಬಿಣದಂತಾಯಿತು. ಎದೆ ಡೋಲಾಯಿತು. ಬಾಗಿಲಲ್ಲಿದ್ದವರು ಮೊದಲು ಪಿಸುಗುಟ್ಟುತ್ತಿದ್ದರು, ಆಮೇಲೆ ಅವಳು ಗೆರೆ ಮುಟ್ಟಿದಾಗಲೆಲ್ಲ ಒಟ್ಟಿಗೆ ಹೂಂ ಅನ್ನತೊಡಗಿದರು. ಎಂಟನೆಯ ಹಂತವೂ ಮುಗಿಯಿತು. ಆಗ ನಿಂತಳು. ಉಳಿದ ಹೊಸಬ ಅವಳಿಗಿಂತ ಎರಡು ಸಲ ಹೆಚ್ಚು ಓಡಿ, ಅದಕ್ಕೆ ತಾನೇ ನಾಚಿಕೊಂಡ ಹಾಗೆ ನಿಂತ.

ಪರೀಕ್ಷಕಿ ಬಂದು ಅವಳ ಮಣಿಕಟ್ಟು ಹಿಡಿದು ನಾಡಿ ನೋಡಿದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದಳು. "ಬೇಗ ಇಳೀತಿದೆ. ಗುಂಡಿಗೆ ಗಟ್ಟಿ ಇದೆ."

ಏಣಿಯಕ್ಕ ಕೈ ಬಿಡಿಸಿಕೊಂಡಳು. ಮಾತು ತುಂಡುತುಂಡಾಗಿ ಬಂತು. "ಅಜ್ಜ, ಪೆಟ್ಟಿಗೆ ನಿಧಾನ ಮಾಡ್ಸಿದ್ದು ಯಾರು?"

"ನಾನ್ಯಾಕೆ ಮಾಡಿಸ್ಲಿ ತಾಯಿ?"

"ಮತ್ತೆ ಮುಖ ಯಾಕೆ ತಪ್ಪಿಸಿದ್ರಿ?"

"ನೋಡೋಕೆ ಧೈರ್ಯ ಸಾಲ್ಲಿಲ್ಲ. ಆರು ಬಂದಾಗೆಲ್ಲ ನೀನು ಅಲ್ಲೇ ನಿಂತದ್ದೇ ಕಣ್ಮುಂದೆ ಬರುತ್ತೆ."

ಅವಳು ನಂಬಲಿಲ್ಲ. ಪರೀಕ್ಷಕಿಯ ಕಡೆ ತಿರುಗಿದಳು. "ಮೇಡಂ, ಏಣಿ ಇಳೀವಾಗ ನನ್ನ ಹೆಗಲ ಮೇಲೆ ಒಂದು ಜೀವ ಇರುತ್ತೆ. ಪಾಪ ಅಂತ ಪಾಸಾದ ಮೊಣಕಾಲು ಅದನ್ನ ಹೊರಲ್ಲ. ಸರಿಯಾಗಿ ಇಟ್ಟು ಇನ್ನೊಂದು ಸಲ ಓಡಿಸಿ. ಈಗಲೇ ಓಡ್ತೀನಿ."

ಪರೀಕ್ಷಕಿ ಬೇಸರ ಮಾಡಿಕೊಳ್ಳಲಿಲ್ಲ. ಪೆಟ್ಟಿಗೆಯನ್ನು ಮೊದಲಿನಿಂದ ಹಾಕಿ ತನ್ನ ಗಡಿಯಾರವನ್ನು ಪಕ್ಕಕ್ಕಿಟ್ಟು ತೋರಿಸಿದಳು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಉಕ್ಕಿನ ಟೇಪನ್ನು ಮತ್ತೆ ಹಾಸಿದಳು. ಇಪ್ಪತ್ತು ಅಂದರೆ ಇಪ್ಪತ್ತು. "ನಾನು ಯಾರ ಮಾತೂ ಕೇಳಿಲ್ಲಮ್ಮ. ನನ್ನ ಹತ್ರ ಯಾರೂ ಹೇಳೋಕೂ ಬರಲ್ಲ" ಎಂದಳು. ಆ ಮುಖ ನೋಡಿದರೆ ಅದು ನಿಜವೆಂದು ಯಾರಾದರೂ ಒಪ್ಪಬೇಕು.

"ಹಾಗಾದ್ರೆ ನಾನು ಅಂಗಳದಲ್ಲಿ ಯಾಕೆ ಸೋಲ್ತಿದ್ದೆ?"

ದರ್ಜಿ ಪ್ಯಾಂಟನ್ನು ಅಜ್ಜನ ಕೈಗೆ ಕೊಟ್ಟು ಅಂಗಳಕ್ಕಿಳಿದ. ಎಣ್ಣೆಯ ಮೇಲೆ ಮರದ ಪುಡಿ ಚೆಲ್ಲಿದ್ದರು. ಕೊರಳ ಟೇಪು ತೆಗೆದು, ಆ ಚೆಂದದ ಬಿಳಿ ಗೆರೆಯಿಂದ ಶುರುಮಾಡಿ, ಕಪ್ಪೆಯ ಹಾಗೆ ಕೂತು ಎದ್ದು ಕೂತು ಎದ್ದು, ಟೇಪಿನ ತುದಿಗೆ ತುದಿ ಸೇರಿಸುತ್ತಾ ಹೋದ. ಎಲ್ಲರೂ ಅವನ ಹಿಂದೆ. ಇಪ್ಪತ್ತು ಮೀಟರು ತುಂಬಿದ ಕಡೆ ಬೆರಳೂರಿ ತಲೆಯೆತ್ತಿದ. ಆಚೆ ಗೆರೆ ಇನ್ನೂ ದೂರದಲ್ಲಿತ್ತು, ಒಂದು ದೊಡ್ಡ ಹೆಜ್ಜೆಯಷ್ಟು ದೂರ.

"ಪೈಪು ಇಪ್ಪತ್ತೇ" ಎಂದ ಅಜ್ಜ. ದನಿ ಸಣ್ಣಗಾಗಿತ್ತು.

"ಖಾಲಿ ಇದ್ದಾಗಲೋ, ತುಂಬಿದ್ದಾಗಲೋ?" ಎಂದು ಕೇಳಿದ ದರ್ಜಿ.

ಅಜ್ಜ ಬಗ್ಗಿ ತನ್ನ ಗೆರೆ ನೋಡಿದ. ನೀರು ನುಗ್ಗಿದಾಗ ಪೈಪು ಕೈಯಲ್ಲಿ ಮುಂದೆ ಮುಂದೆ ತೆವಳುವುದನ್ನು ಹರೆಯದಿಂದಲೂ ಕಂಡ ಮನುಷ್ಯ. ಬೆಂಕಿಯ ಮುಂದೆ ನಿಂತು ಅದು ಎಷ್ಟು ಬೆಳೆಯಿತೆಂದು ಅಳೆಯುವವರು ಯಾರು? ಅವನಿಗೆ ಅದು ಯಾವತ್ತೂ ಲೆಕ್ಕಕ್ಕೆ ಬಂದಿರಲಿಲ್ಲ.

"ಎಳೆದು ಹಿಡಿದು ಅಳೆದಿದ್ದೀರಿ ಅಜ್ಜ" ಎಂದ ದರ್ಜಿ. "ನನ್ನ ಗಿರಾಕಿ ಆಗಿದ್ರೆ ಪ್ಯಾಂಟು ವಾಪಸ್ಸು ಬರ್ತಿತ್ತು."

ಮೊದಲು ನಕ್ಕವಳು ಪರೀಕ್ಷಕಿ. ನಗು ಮನೆಯಲ್ಲಿ ಬಿಟ್ಟು ಬಂದಿರಲಿಲ್ಲ, ಎಲ್ಲೋ ಒಳಜೇಬಿನಲ್ಲಿತ್ತು. ಅವಳು ನಕ್ಕ ಮೇಲೆ ಅಂಗಳವೇ ನಕ್ಕಿತು. ಅಜ್ಜನೊಬ್ಬನೇ ಪ್ಯಾಂಟು ಎದೆಗವಚಿಕೊಂಡು ತಲೆ ತಗ್ಗಿಸಿ ನಿಂತಿದ್ದ. "ಇಷ್ಟು ದಿನ ನಿನ್ನನ್ನ ಅಳಿಸಿಬಿಟ್ನಲ್ಲಮ್ಮ."

ಏಣಿಯಕ್ಕ ಆ ಎರಡು ಗೆರೆಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದಳು. ಯಾರೂ ಪಾಪ ಅಂದಿರಲಿಲ್ಲ. ಯಾರೂ ಏನನ್ನೂ ಸಡಿಲ ಮಾಡಿರಲಿಲ್ಲ. ಆ ಎಂಟು ಹಂತವೂ ಅವಳದೇ, ಅಂಗಳದಲ್ಲಿ ಹುಟ್ಟದೆ ಉಳಿದ ಆ ಒಂದು ಹೆಜ್ಜೆಯೂ ಅವಳದೇ ಆಗಿತ್ತು. ಅಜ್ಜನ ಕೈಯಿಂದ ಪ್ಯಾಂಟು ಕಿತ್ತುಕೊಂಡಳು.

"ಅಳಿಸಿದ್ದು ಇರ್ಲಿ ಅಜ್ಜ. ಇನ್ನೊಂದು ಪೈಪು ಜೋಡಿಸಿ ಅಳೆದಿದ್ರೆ ಇವತ್ತು ಹಾರಿಬಿಡ್ತಿದ್ದೆ" ಎಂದಳು.

ಮನೆಯಲ್ಲಿ ಅತ್ತೆಗೆ ಈ ಗೆಲುವಿನ ಸುದ್ದಿ ಅಷ್ಟೇನೂ ಹೊಸದೆನಿಸಲಿಲ್ಲ. "ನಾನು ಉರಿ ಸಣ್ಣ ಮಾಡಿದ್ದು, ಅವನು ಅಂಗಳ ಉದ್ದ ಮಾಡಿದ್ದು ಒಂದೇ" ಎಂದರು. "ಅವನು ಗೊತ್ತಿಲ್ಲದೆ ಮಾಡಿದ. ನಾನು ಗೊತ್ತಿದ್ದೇ ಮಾಡಿದೆ. ಯಾರು ದೊಡ್ಡವರು ನೀನೇ ಹೇಳು." ಮಗ ಹೊಲಿಗೆ ಯಂತ್ರದ ಸದ್ದು ಜೋರು ಮಾಡಿಕೊಂಡ. ಸೊಸೆ ಎರಡು ಸಲ ಬಡಿಸಿಕೊಂಡು ಉಂಡಳು.

ನೀಲಿ ಮೆತ್ತೆಯನ್ನು ಸಾಹೇಬರು ಎತ್ತಿಡಲು ಹೋದರು. ಪೈಪಜ್ಜ ಬೇಡವೆಂದ. ಪೈಪು ಒಣಗುವ ಹೊತ್ತಿನಲ್ಲಿ ಫೋನಿನ ಹತ್ತಿರ ಕೂರುವುದನ್ನು ತಾನೇ ಕೇಳಿ ಪಡೆದುಕೊಂಡ. ಅವನ ಬೆನ್ನಿಗೂ ವಯಸ್ಸಾಗಿತ್ತು.

ಮುಂದಿನ ಗುರುವಾರ ಫೋನು ಬಂತು. ಬಿಸಿಲು ಇನ್ನೂ ಅಂಗಳದ ಅರ್ಧಕ್ಕಷ್ಟೇ ಬಂದಿತ್ತು, ಮರದ ಸಾಮಾನಿನ ಕಾರ್ಖಾನೆಯ ಮೇಲಂತಸ್ತಿನಲ್ಲಿ ಹೊಗೆ. ಅಜ್ಜ ವಿಳಾಸ ಎರಡು ಸಲ ಕೇಳಿ ಗಂಟೆ ಬಾರಿಸಿದ. ದೊಡ್ಡ ಬಂಡಿ ಆ ಎರಡು ಬಿಳಿ ಗೆರೆಗಳನ್ನು ತುಳಿದುಕೊಂಡು ಗೇಟು ದಾಟಿತು. ಅದರಲ್ಲಿ ಹೋದವರು ಸಾಹೇಬರು, ಬಂಡಿ ಓಡಿಸುವವನು, ಹೊಸಬರಿಬ್ಬರು, ಮತ್ತೆ ಏಣಿಯ ಬುಡದ ಸೀಟಿನಲ್ಲಿ, ಜಡೆ ಬಿಗಿದುಕೊಳ್ಳುತ್ತಾ, ಏಣಿಯಕ್ಕ.